ಸದ್ದಿಲ್ಲದ ಕಾಯಿ

ಮಿಷನ್ ಪಾಳ್ಯ,
ಶೆಟ್ಟಿಕೆರೆ ಅಂಚೆ, ಚಿಕ್ಕನಾಯಕನಹಳ್ಳಿ ತಾಲ್ಲೂಕು
೯ ಜೂನ್ ೨೦೨೫

ದಯಾನಂದ ಅಯ್ಯನವರಿಗೆ,

ನಾನು ಸಮಾಧಾನಮ್ಮ. ದಿವಂಗತ ಯೋಸೇಫಪ್ಪನವರ ಹಿರಿಯ ಸೊಸೆ. ನಮ್ಮ ದೇವಾಲಯ ನಿಂತಿರುವ ಹನ್ನೆರಡು ಗುಂಟೆ ನನ್ನ ಮಾವ ಸಭೆಗೆ ಬರೆದುಕೊಟ್ಟ ತೆಂಗಿನ ತೋಟ. ನೀವು ವಾಸವಿದ್ದ ಅಯ್ಯನವರ ಮನೆಯ ತೊಲೆ, ಬಾಗಿಲು, ಚೌಕಟ್ಟು ನಮ್ಮ ಮನೆಯವರು ನಿಂತು ಮಾಡಿಸಿದ್ದು. ನಾನು ತಿಪಟೂರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ನಲವತ್ತೆರಡು ವರ್ಷ ಭಾನುವಾರದ ಮಕ್ಕಳ ಶಾಲೆ ನಡೆಸಿದವಳು. ಈ ಸಭೆಗೆ ಪಾದ್ರಿಗಳಾಗಿ ಬಂದ ಹತ್ತು ಜನ ಅಯ್ಯನವರನ್ನು ಹಾರ ಹಾಕಿ ಕರೆದು, ಹಾರ ಹಾಕಿ ಕಳಿಸಿದವಳು. ಹನ್ನೊಂದನೆಯವರು ನೀವು. ಹಾರಕ್ಕೂ ಕಾಯದೆ ಬೆಳಗಿನ ಬಸ್ಸಿಗೆ ಹೋದಿರಿ.

ನಿಮ್ಮ ಫೋನು ಆಫ್ ಆಗಿದೆ. ಆದ್ದರಿಂದ ನಿಮ್ಮ ಅತ್ತೆಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಆಡಿದ ಮಾತಿಗೆ ರುಜು ಇರುವುದಿಲ್ಲ. ನನಗೆ ಬರೆಯುವುದೇ ಹಿತ.

ಎರಡು ಭಾನುವಾರ ಆರಾಧನೆಯಲ್ಲಿ ಪ್ರಸಂಗವಿಲ್ಲ, ವಾಕ್ಯ ಹೇಳುವವರಿಲ್ಲ. ಇಪ್ಪತ್ತಾರು ಮನೆಯವರು ಬಂದು, ಎರಡು ಕೀರ್ತನೆ ಹಾಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ಇನ್ನೊಂದು ಮಾತು ಏಪ್ರಿಲ್ ತಿಂಗಳಿಂದ ನನ್ನ ಎದೆಯಲ್ಲಿದೆ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಕೊಬ್ಬರಿಗೆಂದು ಕಾಯಿಯನ್ನು ಅಟ್ಟಕ್ಕೆ ಏರಿಸುವ ದಿನ ಅಯ್ಯನವರು ಬಂದು ಪ್ರಾರ್ಥನೆ ಮಾಡಿ ಮೊದಲ ಕಾಯಿ ಇಡುವುದು ಪದ್ಧತಿ. ನನ್ನ ಮಾವನ ಕಾಲದಿಂದ ಒಂದು ವರ್ಷವೂ ತಪ್ಪಿಲ್ಲ. ಏಪ್ರಿಲ್ ಇಪ್ಪತ್ತೆಂಟು, ಸೋಮವಾರ, ಆಳುಗಳನ್ನು ನಿಲ್ಲಿಸಿಕೊಂಡು ಏಳು ಗಂಟೆಯಿಂದ ಹನ್ನೊಂದರವರೆಗೆ ಕಾದೆ. ನೀವು ಬರಲಿಲ್ಲ. ಹೇಳಿಯೂ ಕಳಿಸಲಿಲ್ಲ. ಇವತ್ತಿನವರೆಗೆ ಕಾರಣವನ್ನೂ ಹೇಳಿಲ್ಲ.

ದೊಡ್ಡ ಊರಿನ ದೊಡ್ಡ ಸಭೆ ಸಿಕ್ಕಿದ್ದರೆ ಬಾಯಿಬಿಟ್ಟು ಹೇಳಿ. ನಾವು ಹಿಡಿದುಕೊಳ್ಳುವವರಲ್ಲ.

ಸಮಾಧಾನಮ್ಮ

*

ಕೊಳ್ಳೇಗಾಲ
೧೮ ಜೂನ್ ೨೦೨೫

ಪೂಜ್ಯ ಸಮಾಧಾನಮ್ಮನವರಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಿಮ್ಮ ಪತ್ರ ತಲುಪಿತು. ಅಯ್ಯನವರಿಗೆ ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿರುವುದರಿಂದ ನಾನು ಉತ್ತರ ಬರೆಯುತ್ತಿದ್ದೇನೆ. ರಜೆಯ ಅರ್ಜಿಯನ್ನು ಮೈಸೂರಿನ ಮುಖ್ಯ ಕಚೇರಿಗೆ ಕೊಟ್ಟೇ ಬಂದಿದ್ದೇವೆ. ಬೇರೆ ಸಭೆ ಯಾವುದೂ ಇಲ್ಲ.

ಹಿತ್ತಲಿನ ಕರಿಬೇವಿನ ಗಿಡ ಚಿಕ್ಕದು. ಯಾರಿಂದಲಾದರೂ ನೀರು ಹಾಕಿಸಿದರೆ ಉಪಕಾರ. ಮನೆಯ ಎರಡನೆಯ ಬೀಗದ ಕೈ ನಿಮ್ಮ ಗೋಡೆಯ ಮೊಳೆಯಲ್ಲಿದೆಯಲ್ಲ. ಎಂದಿನ ಹಾಗೆ ತೆಗೆದುಕೊಂಡು ಹೋಗಬಹುದು.

ಜೀವಿತಾ ದಯಾನಂದ್

*

ಮಿಷನ್ ಪಾಳ್ಯ
೨೬ ಜೂನ್ ೨೦೨೫

ಜೀವಿತಾಗೆ,

'ಎಂದಿನ ಹಾಗೆ' ಎಂದು ಬರೆದಿದ್ದೀಯ. ಆ ಮಾತಿನೊಳಗಿನ ಮುಳ್ಳು ಕಾಣದಷ್ಟು ನನ್ನ ಕಣ್ಣು ಮಂಜಾಗಿಲ್ಲ. ಅಯ್ಯನವರ ಮನೆ ಸಭೆಯ ಮನೆ. ಅದರ ಎರಡನೆಯ ಬೀಗದ ಕೈ ನನ್ನ ಮಾವನ ಫೋಟೋ ಪಕ್ಕದ ಮೊಳೆಯಲ್ಲಿ ಐವತ್ತೇಳು ವರ್ಷದಿಂದ ತೂಗುತ್ತಿದೆ. ಕುರ್ಚಿ ಬೇಕಾದವರು, ಹಾರ್ಮೋನಿಯಂ ಬೇಕಾದವರು ನನ್ನ ಹತ್ತಿರ ಬಂದು ಕೇಳಿ ತೆಗೆದುಕೊಂಡು ಹೋಗುತ್ತಾರೆ. ನಿನಗಿಂತ ಮೊದಲು ಹತ್ತು ಜನ ಅಮ್ಮನವರು ಆ ಮನೆಯಲ್ಲಿ ಬಾಳಿ ಹೋದರು. ಒಬ್ಬರೂ ಬೀಗದ ಕೈ ಬಗ್ಗೆ ಬಾಯಿ ತೆಗೆಯಲಿಲ್ಲ.

ಗಿಡಕ್ಕೆ ನೀರು ಹಾಕಲು ನಾನೇ ಹೋದೆ. ಹೋದವಳು ಮನೆಯನ್ನೂ ನೋಡಿದೆ. ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಹೊಸ ಚಿಲಕ ಹೊಡೆಸಿದ್ದೀರಿ. ನನ್ನ ಮಾವ ಹಲಸಿನ ಮರದಲ್ಲಿ ಕೊಯ್ಯಿಸಿದ ಚೌಕಟ್ಟಿಗೆ ನಾಲ್ಕು ತೂತು! ಯಾರನ್ನು ಕೇಳಿ ಹೊಡೆಸಿದಿರಿ? ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಯಾರಿಗೆ ಹೆದರಿ ಚಿಲಕ?

ವಿಶ್ರಾಂತಿ ಎಂದಿದ್ದೀಯ. ನನಗೆ ಎಪ್ಪತ್ತೊಂದು. ಗಂಡ ಸತ್ತ ಹದಿಮೂರನೆಯ ದಿನ ತೋಟದಲ್ಲಿ ನಿಂತು ಕಾಯಿ ಕೀಳಿಸಿದ್ದೇನೆ. ನಲವತ್ತು ತುಂಬದ ಗಂಡಸಿಗೆ ಯಾವ ವಿಶ್ರಾಂತಿ? ವಾರಕ್ಕೊಂದು ಪ್ರಸಂಗ, ನಾಲ್ಕು ಮನೆ ಭೇಟಿ. ಇಷ್ಟಕ್ಕೆ ಸುಸ್ತಾದರೆ ಸೆರೆಮನೆಯಲ್ಲೂ ಸೋಲದೆ ಸೇವೆ ಮಾಡಿದ ಪೌಲನ ಪತ್ರಿಕೆಗಳನ್ನು ಯಾವ ಬಾಯಿಂದ ಓದಿ ಹೇಳುತ್ತಿದ್ದರು?

ಗಿಡ ಬದುಕಿದೆ.

ಸಮಾಧಾನಮ್ಮ

*

ಕೊಳ್ಳೇಗಾಲ
೭ ಜುಲೈ ೨೦೨೫

ಸಮಾಧಾನಮ್ಮನವರಿಗೆ,

ನಿಮ್ಮ ಪತ್ರವನ್ನು ಅವರಿಗೆ ತೋರಿಸಲಿಲ್ಲ. ಒಂದು ವಾರ ನಾನೊಬ್ಬಳೇ ಇಟ್ಟುಕೊಂಡಿದ್ದೆ. ವಾರದಲ್ಲಿ ಸಿಟ್ಟು ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ.

ಚಿಲಕ ಯಾಕೆ ಎಂದು ಕೇಳಿದ್ದೀರಿ. ಹೇಳುತ್ತೇನೆ. ಮೂರು ವರ್ಷದಲ್ಲಿ ನಾನು ಸ್ನಾನ ಮಾಡಿ ಕೂದಲು ಒರೆಸಿಕೊಳ್ಳುವಾಗ ಕುರ್ಚಿಗೆಂದು ಬಾಗಿಲು ತೆರೆದುಕೊಂಡು ಬಂದವರು ಎಷ್ಟು ಜನ ಎಂದು ನಿಮಗೆ ಗೊತ್ತಿಲ್ಲ. ನನ್ನ ಅಡುಗೆಮನೆಯ ಡಬ್ಬಿ ತೆಗೆದು ನೋಡಿ 'ಅಯ್ಯನೋರ ಮನೇಲಿ ಗೋಡಂಬಿ ಐತೆ ಕಣ್ರೀ' ಎಂದು ಊರಿಗೆ ಹೇಳಿದವರಿದ್ದಾರೆ. ನನ್ನ ಎರಡನೆಯ ಬಸಿರು ಇಳಿದುಹೋದಾಗ ನಾನು ಹಾಸಿಗೆಯಲ್ಲಿದ್ದೆ. ಹಾರ್ಮೋನಿಯಂ ತೆಗೆದುಕೊಳ್ಳಲು ಮೂವರು ಬಂದು ನನ್ನ ಕಾಲ ಬಳಿಯಿಂದಲೇ ಹೊತ್ತುಕೊಂಡು ಹೋದರು. ಮರುದಿನ ಚಿಲಕ ಹೊಡೆಸಿದೆ. ಬಡಗಿಗೆ ಕೊಟ್ಟದ್ದು ನನ್ನ ಹಣ. ನನಗಿಂತ ಮೊದಲಿನ ಹತ್ತು ಜನ ಅಮ್ಮನವರು ಬಾಯಿ ತೆಗೆಯಲಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಅವರ ಪೈಕಿ ಒಬ್ಬರನ್ನಾದರೂ ಕೇಳಿದ್ದೀರಾ?

ಏಪ್ರಿಲ್ ಇಪ್ಪತ್ತೆಂಟರ ಮಾತು. ಅಂದು ಬೆಳಗ್ಗೆ ಐದಕ್ಕೆ ಅವರಿಗೆ ಒಂದು ಫೋನು ಬಂತು, ಅಂಗಿ ತೊಟ್ಟುಕೊಂಡು ಹೋದರು. ಎರಡು ದಿನ ಬರಲಿಲ್ಲ. ಎಲ್ಲಿ ಹೋಗಿದ್ದಿರಿ ಎಂದರೆ ನನಗೂ ಹೇಳಲಿಲ್ಲ. 'ಹೇಳೋದಿಲ್ಲ ಅಂತ ಮಾತು ಕೊಟ್ಟಿದ್ದೀನಿ' ಎಂದರು. ಮೂವತ್ತನೆಯ ತಾರೀಖು ಮಧ್ಯಾಹ್ನ ಬಂದವರು ನಡುಮನೆಯ ನೆಲದ ಮೇಲೆ ಕುಳಿತು, ಗೋಡೆಗೆ ಒರಗಿ, ಅತ್ತರು. ಮದುವೆಯಾಗಿ ಎಂಟು ವರ್ಷದಲ್ಲಿ ನಾನು ಕಾಣದ ಅಳು. ಅಳುತ್ತಳುತ್ತ ಅಲ್ಲೇ ಉರುಳಿದರು. ನಾನು ನೀರು ತರಲು ಒಳಗೆ ಹೋದೆ. ಅಷ್ಟರಲ್ಲಿ ಬೀಗದ ಕೈ ತಿರುಗಿದ ಸದ್ದು. ನಿಮ್ಮ ಮೈದುನನ ಮಗ, ಸಭೆಯ ಕಾರ್ಯದರ್ಶಿ ಸೂರ್ಯಪ್ರಕಾಶ್, ಬಾಗಿಲಲ್ಲಿ ನಿಂತಿದ್ದರು. ನೋಡಿದರು, ಹೋದರು.

ಹದಿನೈದು ದಿನಕ್ಕೆ ಮೈಸೂರಿನಿಂದ ವಿವರಣೆ ಕೇಳಿ ಪತ್ರ ಬಂತು, ಜೊತೆಗೆ ಹೆಸರಿಲ್ಲದ ಮೂಕರ್ಜಿಯ ನಕಲು. ಅದನ್ನು ಇದರೊಂದಿಗೆ ಇಟ್ಟಿದ್ದೇನೆ. ಓದಿ. ಅಯ್ಯನವರು ಹಾಡಹಗಲೇ ಕುಡಿದು ನೆಲದ ಮೇಲೆ ಬಿದ್ದಿದ್ದರಂತೆ. ಕೊನೆಯ ಸಾಲನ್ನೂ ಓದಿ: 'ಸಭೆಯ ಹಿರಿಯರೇ ಹೇಳುವಂತೆ ಇವರು ಅಲ್ಲಾಡಿಸಿದರೆ ಸದ್ದಿಲ್ಲದ ಕಾಯಿ.' ಕುಡುಕ ಎಂಬ ಸುಳ್ಳನ್ನು ಅವರು ನಗುತ್ತ ಓದಿದರು. ಈ ಸಾಲಿಗೆ ಬಂದಾಗ ನಗು ನಿಂತಿತು. ಅಂದಿನಿಂದ ದೇವಾಲಯದ ಮೆಟ್ಟಿಲು ಹತ್ತಿದರೆ ಅವರ ಗಂಟಲು ಕಟ್ಟುತ್ತಿತ್ತು. ಮೇ ಕೊನೆಯ ಭಾನುವಾರ ಆಶೀರ್ವಾದದ ಮಾತುಗಳೇ ಹೊರಡಲಿಲ್ಲ. ನೀವೆಲ್ಲ ಕೆಮ್ಮು ಎಂದುಕೊಂಡಿರಿ.

ಊರಿನಲ್ಲಿ ಯಾರ ಮನೆಯಲ್ಲಿ ಜಗಳವಾದರೂ, ಸಾವಾದರೂ, ನಿಮಗೆ ಅಯ್ಯನವರು ಬೇಕು. ಅಯ್ಯನವರಿಗೆ ಅಯ್ಯನವರು ಯಾರು? ಮೂರು ವರ್ಷದಲ್ಲಿ 'ನಿಮಗೋಸ್ಕರ ನಾನು ಪ್ರಾರ್ಥನೆ ಮಾಡಲೇ' ಎಂದು ಕೇಳಿದ ಒಬ್ಬರನ್ನು ಹೇಳಿ.

ಅವರು ಸೇವೆಗೆ ರಾಜೀನಾಮೆ ಬರೆದಿದ್ದಾರೆ. ಅಂಚೆಗೆ ಹಾಕು ಎಂದು ನನಗೆ ಕೊಟ್ಟರು. ಸ್ಟಾಂಪು ಹಚ್ಚಿ ನನ್ನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ವಿವರಣೆಗೆ ಕೊಟ್ಟಿರುವ ಗಡುವು ಆಗಸ್ಟ್ ಹದಿನೈದು. ಅಷ್ಟರಲ್ಲಿ ನಾನೂ ಸೋತರೆ ಅದು ಹೋಗುತ್ತದೆ.

ಜೀವಿತಾ

*

ಮಿಷನ್ ಪಾಳ್ಯ
೨೧ ಜುಲೈ ೨೦೨೫

ಜೀವಿತಮ್ಮನಿಗೆ,

ಮೂಕರ್ಜಿ ಓದಿದೆ. ಬರೆದವನ ಹೆಸರಿಲ್ಲದಿದ್ದರೇನು, 'ಗೌರವಾನ್ವಿತ' ಎಂಬುದನ್ನು ತಪ್ಪಾಗಿ ಬರೆಯುವ ಕೈ ಯಾರದೆಂದು ನನಗೆ ಗೊತ್ತು. ಆ ಕೈ ಹಿಡಿದು ಭಾನುವಾರದ ಶಾಲೆಯಲ್ಲಿ ಅಕ್ಷರ ತಿದ್ದಿಸಿದವಳು ನಾನೇ. ಸೂರ್ಯಪ್ರಕಾಶನಿಗೆ ಹೇಳಿಕಳಿಸಿದೆ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದಾನೆ. ಕೆಲಸ ಮುಗಿಸಿ ಸಂಜೆ ಬಂದ. ಅಂಗಳದಲ್ಲಿ ಕೆಂಪಕ್ಕ ಸಿಪ್ಪೆ ಒಟ್ಟುತ್ತಿದ್ದಳು. ಅವಳು ಮೂವತ್ತು ವರ್ಷದಿಂದ ನಮ್ಮ ಕಾಯಿ ಕೆಲಸಕ್ಕೆ ಬರುವವಳು. ಅವಳ ಮುಂದೆಯೇ ಕೇಳಿದೆ.

"ಇದನ್ನ ಬರ್ದೋನು ನೀನೇನ್ಲಾ?"

"ದೊಡ್ಡಮ್ಮ, ಸುಳ್ಳಂತೂ ಬರ್ದಿಲ್ಲ. ಕಣ್ಣಾರೆ ಕಂಡಿವ್ನಿ. ನೆಲದ ಮ್ಯಾಲೆ ಬಿದ್ದಿದ್ರು, ಕಣ್ಣು ಕೆಂಪಗಿತ್ತು."

"ವಾಸ್ನೆ ಬಂತಾ?"

"ವಾಸ್ನೆ... ಅಷ್ಟು ಹತ್ರ ನಾನು ಹೋಗ್ಲಿಲ್ಲ."

"ಹತ್ರ ಹೋಗ್ದೋನು ಮೈಸೂರ್ಗಂಟ ಹೋದೇನ್ಲಾ? ಮನುಷ್ಯ ಬಿದ್ದವ್ನೆ, ನೀರು ಬೇಕಾ ಅಂತ ಕೇಳೋಕೆ ನಿಂಗೆ ಬಾಯಿರಲಿಲ್ವಾ? ಯಾರು ಕರೆದ್ರು ನಿನ್ನ ಆ ಮನೆ ಒಳಕ್ಕೆ?"

ಅವನು ನನ್ನ ಮುಖ ನೋಡಿದ. "ಬೀಗದ ಕೈ ನೀವೇ ಕೊಟ್ರಲ್ಲ ದೊಡ್ಡಮ್ಮ. ಕುರ್ಚಿ ತಗೊಂಬರ್ತೀನಿ ಅಂದೆ, ಮೊಳೆ ಕಡೆ ಕೈ ತೋರ್ಸಿದ್ರಿ. ಯಾಕೆ ಏನು ಅಂತ ಕೇಳ್ಲಿಲ್ಲ."

ಅವನು ಅಷ್ಟಕ್ಕೇ ಬಿಡಲಿಲ್ಲ.

"ಆ ಸದ್ದಿಲ್ಲದ ಕಾಯಿ ಅನ್ನೋದೂ ನಿಮ್ಮಾತೇ. ಆವತ್ತು ಅಟ್ಟದ ಕೆಳಗೆ ನಿಂತ್ಕೊಂಡು ಆಳುಗಳ ಮುಂದೆಲ್ಲ ಅಂದ್ರಿ. ಮಾತು ಚೆನ್ನಾಗೈತೆ ಅಂತ ಸೇರಿಸ್ದೆ."

ಕೆಂಪಕ್ಕ ತಲೆ ಎತ್ತದೆ ಅಂದಳು: "ಹೆಸ್ರೇನೋ ಸಮಾಧಾನಮ್ಮ. ನಾಲ್ಗೆ ಮಾತ್ರ ಮಚ್ಚು ಕಣವ್ವ."

ಅವಳನ್ನು ಗದರಿಸಲು ಬಾಯಿ ತೆರೆದೆ. ಗದರಿಸದೆ ಮೂಕರ್ಜಿಯನ್ನು ಮಡಚಿ ಲಕೋಟೆಗೆ ಹಾಕಿದೆ.

ಹೌದು. ಆ ಮಾತು ನನ್ನದು. ಮೊದಲ ಪತ್ರದಲ್ಲಿ ಕಾದ ಕಥೆಯನ್ನೆಲ್ಲ ಬರೆದವಳು ಇದನ್ನು ಬರೆಯಲಿಲ್ಲ, ನೆನಪಿತ್ತು, ಬರೆಯಲಿಲ್ಲ. ನಾಲ್ಕು ಗಂಟೆ ಕಾಯಿಸಿದ ಸಿಟ್ಟಿಗೆ ಆಡಿದೆ. ಎಲ್ಲರೂ ನಕ್ಕರು. ನಗಿಸಿದೆನೆಂದು ನನಗೆ ಹೆಮ್ಮೆಯೂ ಆಯಿತು.

ನೀನು ಕೊಳ್ಳೇಗಾಲದವಳು, ಕೊಬ್ಬರಿ ಗೊತ್ತಿರಲಾರದು. ಕೇಳು. ಹೊಸ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ನೀರು ತುಳುಕುತ್ತದೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇದ್ದರೆ ನೀರು ಇಂಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು ಗಿಟುಕಾಗಿ, ಗಡಗಡ ಅನ್ನುತ್ತದೆ. ಈ ಎರಡು ಸದ್ದಿನ ನಡುವೆ ಕೆಲವು ಕಾಲ ಕಾಯಿ ಏನೂ ಅನ್ನುವುದಿಲ್ಲ. ನೀರು ಹೋಗಿರುತ್ತದೆ, ತಿರುಳು ಬಿಟ್ಟಿರುವುದಿಲ್ಲ. ಆಗ ಅದನ್ನು ಯಾರೂ ಒಡೆಯುವುದಿಲ್ಲ. ಒಡೆದರೆ ಅತ್ತ ಅಡುಗೆಗೂ ಇಲ್ಲ, ಇತ್ತ ಕೊಬ್ಬರಿಗೂ ಇಲ್ಲ, ಬೂಷ್ಟು ಹಿಡಿಯುತ್ತದೆ. ಅಟ್ಟದ ಮೇಲೆ ಬಿಡಬೇಕು, ಅಷ್ಟೆ. ನಮ್ಮ ಮನೆಯ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಐವತ್ತು ವರ್ಷ ಕಾಯಿ ಅಲ್ಲಾಡಿಸಿದ ನಾನು, ಸದ್ದಿಲ್ಲ ಎಂದು ಮಚ್ಚು ಎತ್ತಿದೆ.

ಇನ್ನೂ ಇದೆ. ಮೊನ್ನೆ ಒಬ್ಬ ಹೆಂಗಸು ನನ್ನ ಅಂಗಳಕ್ಕೆ ಬಂದಳು. ಊರಲ್ಲಿ ಅಯ್ಯನವರ ಮೇಲೆ ಹಬ್ಬಿರುವ ಮಾತು ಅವಳ ಕಿವಿಗೂ ಬಿದ್ದಿತ್ತು. ಕಾಲ ಬಳಿ ಕುಳಿತು, ಆ ಎರಡು ದಿನ ಅಯ್ಯನವರು ಎಲ್ಲಿದ್ದರೆಂದು ಹೇಳಿದಳು. ಆಸ್ಪತ್ರೆಯ ಬೆಂಚಿನ ಮೇಲೆ ಇದ್ದರು. ಸಾಯಲು ಹೊರಟಿದ್ದ ಒಬ್ಬರ ಕೈಯನ್ನು ಎರಡು ದಿನ ಬಿಡದೆ ಹಿಡಿದುಕೊಂಡಿದ್ದರು. ಆ ಜೀವ ಇವತ್ತು ಎದ್ದು ಓಡಾಡಿಕೊಂಡು ಊಟ ಮಾಡುತ್ತಿದೆ. ಊರಿಗೆ ತಿಳಿದರೆ ಮನೆಯವರು ತಲೆ ಎತ್ತುವಂತಿರಲಿಲ್ಲ. ಯಾರಿಗೂ ಹೇಳಬೇಡಿ ಎಂದು ಕೈ ಮುಗಿದರಂತೆ. ಯಾರೆಂದು ನಿನಗೂ ಬರೆಯುವುದಿಲ್ಲ. ಅಯ್ಯನವರು ನಿನ್ನಿಂದಲೂ ಮುಚ್ಚಿಟ್ಟದ್ದನ್ನು ನಾನು ಅಂಚೆಗೆ ಹಾಕುವುದಿಲ್ಲ.

ನಾನು ಅಟ್ಟದ ಕೆಳಗೆ ಕಾಯಿಗೆ ಪ್ರಾರ್ಥನೆ ಇಲ್ಲವೆಂದು ಕೂಗಾಡುತ್ತಿದ್ದ ಹೊತ್ತಿನಲ್ಲಿ ಅವರು ಅಲ್ಲಿದ್ದರು.

ತಪ್ಪು ನನ್ನದು. ಬರೆದುಕೊಡುತ್ತಿದ್ದೇನೆ.

ಸಮಾಧಾನಮ್ಮ

*

ಕೊಳ್ಳೇಗಾಲ
೩೦ ಜುಲೈ ೨೦೨೫

ಸಮಾಧಾನಮ್ಮನವರಿಗೆ,

ನಿಮ್ಮ ಪತ್ರವನ್ನು ಈ ಸಲ ಅವರಿಗೆ ಓದಿ ಹೇಳಿದೆ. ಆಸ್ಪತ್ರೆಯ ಮಾತು ಬಂದಾಗ 'ಊಟ ಮಾಡ್ತಾ ಇದ್ದಾರಂತಾ?' ಎಂದು ಎರಡು ಸಲ ಕೇಳಿದರು. ಅಂದು ರಾತ್ರಿ ಮಾತ್ರೆಯಿಲ್ಲದೆ ನಿದ್ದೆ ಮಾಡಿದರು.

ಆದರೆ ತಪ್ಪು ಒಪ್ಪಿಕೊಂಡು ನನಗೆ ಬರೆದರೆ ಏನು ಬಂತು? ಆ ಮಾತನ್ನು ನೀವು ಆಡಿದ್ದು ನನ್ನ ಮುಂದಲ್ಲ, ಆಳುಗಳ ಮುಂದೆ. ಮೂಕರ್ಜಿ ಹೋದದ್ದು ಕೊಳ್ಳೇಗಾಲಕ್ಕಲ್ಲ, ಮೈಸೂರಿಗೆ. ನಾಲ್ಕು ಜನರ ಮುಂದೆ ಒಡೆದದ್ದನ್ನು ಲಕೋಟೆಯೊಳಗೆ ಅಂಟಿಸಲು ಬರುವುದಿಲ್ಲ.

ರಾಜೀನಾಮೆ ಎಲ್ಲಿಟ್ಟೆ ಎಂದು ನಿನ್ನೆ ಕೇಳಿದರು. ತೋರಿಸಿದೆ. ಕೈಗೆ ತೆಗೆದುಕೊಂಡು ನೋಡಿ, ಹಿಂದಕ್ಕೆ ಕೊಟ್ಟರು. ಹರಿಯಲಿಲ್ಲ. ಹಾಕು ಎಂದೂ ಅನ್ನಲಿಲ್ಲ.

ಜೀವಿತಾ

(ಇದರ ಕೆಳಗೆ ಬೇರೆ ಕೈಬರಹದಲ್ಲಿ) ಅಮ್ಮಾ, ಈ ವರ್ಷ ಅಟ್ಟದ ಮೇಲೆ ಮೊದಲ ಕಾಯಿ ಯಾರು ಇಟ್ಟರು? ದಯಾನಂದ್.

*

ಮಿಷನ್ ಪಾಳ್ಯ
೧೧ ಆಗಸ್ಟ್ ೨೦೨೫

ಅಮ್ಮನವರಿಗೆ,

ಹಿಂದಿನ ಎರಡು ಪತ್ರಗಳಲ್ಲಿ ನಿಮ್ಮನ್ನು ನೀನು ಎಂದು ಏಕವಚನದಲ್ಲಿ ಕರೆದೆ. ಇನ್ನು ಮುಂದೆ ಅನ್ನುವುದಿಲ್ಲ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ನಿಮ್ಮ ಮೇಲೂ ಇದೆ. ಹಾರ್ಮೋನಿಯಂ ಹೊತ್ತ ಮೂವರ ತಲೆಯ ಮೇಲೆ ನೀವು ಬಿಂದಿಗೆ ನೀರು ಸುರಿಯಬೇಕಿತ್ತು. ಸುರಿದು, ನನ್ನ ಮನೆಗೆ ಬಂದು ನನ್ನ ಕೈಯಿಂದ ಬೀಗದ ಕೈ ಕಿತ್ತುಕೊಳ್ಳಬೇಕಿತ್ತು. ಆದರೆ ಹಾಗೆ ಮಾಡಿದ್ದರೆ ನಿಮ್ಮ ಮೇಲೆ ಮೊದಲ ಮೂಕರ್ಜಿ ಬರೆಯುತ್ತಿದ್ದವಳು ನಾನೇ. ಅದೂ ಗೊತ್ತು.

ನಿನ್ನೆ ಭಾನುವಾರ. ಆರಾಧನೆ ಮುಗಿದ ಮೇಲೆ ಯಾರೂ ಏಳಬೇಡಿ ಎಂದೆ. ಎದ್ದು ನಿಂತು, ಮೈಸೂರಿನ ಕಚೇರಿಗೆ ನಾನು ಬರೆದ ಪತ್ರವನ್ನು ಓದಿದೆ. ಅಯ್ಯನವರು ಕುಡಿದಿರಲಿಲ್ಲ, ಅಳುತ್ತಿದ್ದರು. ಮೂಕರ್ಜಿಯಲ್ಲಿರುವ ಕೊನೆಯ ಸಾಲು ನನ್ನ ಬಾಯಿಂದ ಬಂದದ್ದು. ಅವರ ಮನೆಗೆ ಅವರನ್ನು ಕೇಳದೆ ನುಗ್ಗಲು ಬೀಗದ ಕೈ ಕೊಟ್ಟದ್ದೂ ನಾನೇ. ಅವರಿಗೆ ಮೂರು ತಿಂಗಳ ರಜೆ ಬೇಕು, ಸಂಬಳ ನಿಲ್ಲಬಾರದು, ಅಲ್ಲಿಯವರೆಗೆ ಹಿರಿಯರು ಸರದಿಯ ಮೇಲೆ ಆರಾಧನೆ ನಡೆಸುತ್ತೇವೆ. ಇಷ್ಟು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಮತ್ತೆ ಆ ಎರಡು ದಿನ ಎಲ್ಲಿ ಹೋಗಿದ್ರು ಅಮ್ಮ?"

"ನಂಗೊತ್ತು. ಹೇಳಲ್ಲ."

ಸೂರ್ಯಪ್ರಕಾಶ ಎದ್ದ. "ಹಂಗಂದ್ರೆ ಹೆಂಗೆ ದೊಡ್ಡಮ್ಮ? ಸಭೆಗೆ ಗೊತ್ತಾಗ್ಬೇಕಲ್ಲ?"

"ಅಯ್ಯನೋರು ನಿನ್ನ ವಿಷ್ಯಾನೂ ಎಷ್ಟೋ ಹೊಟ್ಟೇಲಿ ಇಟ್ಕಂಡವ್ರೆ ಕಣ್ಲಾ. ಅದನ್ನೂ ಸಭೆಗೆ ಹೇಳ್ಸೋಣ್ವಾ?"

ಅವನು ಕೂತ. ಅವನೊಬ್ಬನೇ ಅಲ್ಲ, ಅವನ ಹಿಂದೆಯೇ ಎದ್ದಿದ್ದ ಇನ್ನೂ ಮೂವರು ಕೂತರು. ಯಾರ ಯಾರ ಮನೆಯ ಏನೇನು ಅವರ ಹೊಟ್ಟೆಯಲ್ಲಿದೆಯೋ, ಆ ಕ್ಷಣ ಎಲ್ಲರೂ ಲೆಕ್ಕ ಹಾಕುವಂತೆ ಕಂಡಿತು. ಆಮೆನ್ ಅನ್ನಬೇಕೋ ಬೇಡವೋ ತಿಳಿಯದೆ ಇಬ್ಬರು ಆಮೆನ್ ಅಂದರು.

ಪತ್ರದ ಕೆಳಗೆ ರುಜು ಹಾಕಿದೆ. ಪೆನ್ನನ್ನು ಸೂರ್ಯಪ್ರಕಾಶನ ಮುಂದೆ ಹಿಡಿದೆ. "ಮೂಕರ್ಜಿ ಬರ್ಯೋ ಕೈಗೆ ರುಜು ಹಾಕೋಕೂ ಬರ್ಲಿ," ಎಂದೆ. ಬಹಳ ಹೊತ್ತು ಪೆನ್ನು ನೋಡಿದ. ಆಮೇಲೆ ಹಾಕಿದ. ಕಾರ್ಯದರ್ಶಿ ಎಂದು ಬರೆಯಲು ಹೋದ. ಬೇಡ, ಬರೀ ಹೆಸರು ಸಾಕು ಎಂದೆ. ಹಿರಿಯರು ಅಲ್ಲೇ ಅವನನ್ನು ಆ ಕೆಲಸದಿಂದ ಇಳಿಸಿದರು, ಈಗ ಅವನು ಕಾರ್ಯದರ್ಶಿ ಅಲ್ಲ. ನನ್ನ ಮೈದುನ ಮನೆಗೆ ಬಂದು ಕೂಗಾಡಿ ಹೋದ. ಕೂಗಾಡಲಿ. ಇಂದು ಬೆಳಗ್ಗೆ ಪತ್ರವನ್ನು ರಿಜಿಸ್ಟರ್ ಮಾಡಿಸಿ ಮೈಸೂರಿಗೆ ಕಳಿಸಿದ್ದೇನೆ. ಹದಿನೈದರೊಳಗೆ ತಲುಪುತ್ತದೆ.

ಇಷ್ಟಕ್ಕೆ ಅಯ್ಯನವರು ಓಡಿ ಬರಬೇಕೆಂದಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿರುವ ರಾಜೀನಾಮೆಯ ಬಗ್ಗೆ ನಾನು ಒಂದು ಮಾತೂ ಹೇಳುವುದಿಲ್ಲ. ಬಂದರೆ ಸಂತೋಷ, ಬಾರದಿದ್ದರೆ ನಮಗೆ ತಕ್ಕದ್ದೇ. ಮೂರು ತಿಂಗಳು ಅವರನ್ನು ಯಾರೂ ಎತ್ತಿ ಅಲ್ಲಾಡಿಸಿ ಕಿವಿಗೊಟ್ಟು ನೋಡಬಾರದು. ನೀವೂ ನೋಡಬೇಡಿ.

ಅವರಿಗಾಗಿ ಪ್ರಾರ್ಥಿಸುವವರು ಯಾರು ಎಂದು ಕೇಳಿದ್ದಿರಿ. ಮೂರು ವರ್ಷದಲ್ಲಿ ಯಾರೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಜುಲೈ ಇಪ್ಪತ್ತೊಂದನೇ ತಾರೀಖಿನಿಂದ ದಿನವೂ ನಾನು ಮಾಡುತ್ತಿದ್ದೇನೆ. ಮೊಣಕಾಲು ಊರಲು ಆಗುವುದಿಲ್ಲ, ಕುರ್ಚಿಯಲ್ಲಿ ಕುಳಿತೇ ಮಾಡುತ್ತೇನೆ. ಕೆಂಪಕ್ಕ ನಮ್ಮ ಸಭೆಯವಳಲ್ಲ, ಆದರೂ ಅಷ್ಟು ಹೊತ್ತು ಕೆಲಸ ನಿಲ್ಲಿಸಿ ಕೂರುತ್ತಾಳೆ.

ಅವರು ಕೇಳಿದ್ದಕ್ಕೆ ಉತ್ತರ: ಮೊದಲ ಕಾಯಿಯನ್ನು ಯಾರೂ ಇಡಲಿಲ್ಲ. ಸಿಟ್ಟಿನಲ್ಲಿ ಬುಟ್ಟಿ ಬುಟ್ಟಿ ಸುರಿಸಿದೆ. ಒಂದು ಕಾಯಿಯನ್ನು ಕೆಳಗೆ ತೆಗೆದಿಟ್ಟಿದ್ದೇನೆ. ಒಡೆಯುವುದಿಲ್ಲ.

ಕೊನೆಯದು. ತಿಪಟೂರಿನಿಂದ ಹೊಸ ಬೀಗ ತರಿಸಿ, ನಾನೇ ನಿಂತು ಅಯ್ಯನವರ ಮನೆಗೆ ಹಾಕಿಸಿದೆ. ಕುರ್ಚಿಗಳೂ ಹಾರ್ಮೋನಿಯಂ ಕೂಡ ಈಗ ನಮ್ಮ ಕೊಬ್ಬರಿ ಗೋದಾಮಿನಲ್ಲಿವೆ. ಬೇಕಾದವರು ಅಲ್ಲಿಗೆ ಬರಲಿ. ಕರಿಬೇವಿಗೆ ಕಾಂಪೌಂಡಿನ ಹೊರಗಿನಿಂದ ಪೈಪು ಹಿಡಿದು ನೀರು ಬಿಡಿಸುತ್ತೇನೆ. ಕೋಣೆಯ ಚಿಲಕ ಇದ್ದಲ್ಲೇ ಇದೆ. ಹೊಸ ಬೀಗದ ಕೈಗಳು ಎರಡು, ಎರಡೂ ಈ ಲಕೋಟೆಯಲ್ಲಿವೆ. ಮೂರನೆಯದು ಇಲ್ಲ.

ನನ್ನ ಮನೆಯ ಮೊಳೆ ಸುಲಭಕ್ಕೆ ಬರಲಿಲ್ಲ. ಗಾರೆ ಸಮೇತ ಕಿತ್ತೆ. ಮಾವನ ಫೋಟೋ ಪಕ್ಕದಲ್ಲಿ ಈಗ ಒಂದು ತೂತಿದೆ. ಮುಚ್ಚಿಸುವುದಿಲ್ಲ.

ಸಮಾಧಾನಮ್ಮ